ರಕ್ತದ ಗುಳ್ಳಿ ಚುಚ್ಚಬ್ಯಾಡ್ರಿ

ಅಣ್ಣಾರ, ಮೊದಲ ಆ ಸೂಜಿ ಕೆಳಗಿಡ್ರಿ. ಎರಡು ಪರಸಿ ಕಲ್ಲಿನ ನಡುವ ಬೆರಳು ಸಿಕ್ರ ಹಿಂಗೇ ಆಗ್ತದ. ಮ್ಯಾಲಿನ ತೊಗಲು ಹರಿಯಲ್ಲ, ಕೆಳಗಿನ ಸಣ್ಣ ರಕ್ತನಾಳ ಒಡೀತಾವ. ರಕ್ತಕ್ಕ ಹೊರಗ ಬರ್ಲಿಕ್ಕಿ ದಾರಿ ಇಲ್ಲದೆ ಅಲ್ಲೇ ನಿಂತು ನೇರಳಿ ಹಣ್ಣಿನಂಗ ಉಬ್ತದ.

ತೊಗರಿ ಕೊಯ್ಲಿನ್ಯಾಗ ಸೇಡಂ, ಚಿಂಚೋಳಿ ಕಡಿ ಅಂಗೈಯಾಗ ಏಳೋ ಗುಳ್ಳಿ ಬ್ಯಾರೆ. ಕುಡಗೋಲಿನ ಹಿಡಿ ತಿಕ್ಕಿ ತಿಕ್ಕಿ ಏಳ್ತದ, ಒಳಗ ಬರೇ ನೀರು. ಶಹಾಬಾದ, ವಾಡಿ, ಚಿತ್ತಾಪುರದ ಖಣಿಯಾಗ ಆಗೋದು ಈ ಜಜ್ಜಿದ ಗುಳ್ಳಿ. ಸುಣ್ಣದ ಕಲ್ಲು ಪದರ ಪದರಾಗಿ ಕುಂತದ. ಹಾರಿ ಹಾಕಿ ಎಬ್ಬಿಸಿ, ಇಬ್ಬರು ಹಿಡದು ಎತ್ತಿ, ಲಾರಿಯಾಗ ಒಂದಕ್ಕೊಂದು ಆನಿಸಿ ನಿಲ್ಲಸ್ತಾರ. ಕಲ್ಲು ವಾಲೋ ಹೊತ್ತಿಗಿ ಬೆರಳು ನಡುವ ಇದ್ರ ಮುಗೀತು.

ಮೊದಲ ಉಂಗುರ ತೆಗೀರಿ, ಬಾವು ಏರಿದ ಮ್ಯಾಲ ಅದು ಬರಲ್ಲ. ಬರ್ಫ ಅರಿವ್ಯಾಗ ಸುತ್ತಿ 10 ನಿಮಿಷ ಇಡ್ರಿ, ಬರೀ ತೊಗಲಿಗಿ ತಾಕಸಬ್ಯಾಡ್ರಿ. ಕೈ ಎದಿಗಿಂತ ಮ್ಯಾಲ ಇಟ್ಕೊಂಡು ಕೂಡ್ರಿ. ಆ ಗುಳ್ಳಿ ತೊಗಲಿಗಿಂತ ಚಲೋ ಪಟ್ಟಿ ಯಾವ ದವಾಖಾನ್ಯಾಗೂ ಸಿಗಲ್ಲ. ಚುಚ್ಚಿದ್ರ ಕಲ್ಲಿನ ಧೂಳು, ಹೊಲಸು ಒಳಗ ಹೋಗಿ ಕೀವು ಆಗ್ತದ. ಬಿಟ್ರ 1-2 ವಾರದಾಗ ರಕ್ತ ಒಣಗಿ, ಕೆಳಗ ಹೊಸ ತೊಗಲು ಬರ್ತದ. ತಾನಾಗೇ ಒಡದ್ರ ಸಾಬೂನು ನೀರಿಲೆ ತೊಳದು, ತೊಗಲು ಕೀಳದೆ, ಸ್ವಚ್ಛ ಪಟ್ಟಿ ಕಟ್ರಿ, ದಿನಾ ಬದಲಸ್ರಿ. ಸುಣ್ಣ, ತಂಬಾಕು, ಪೇಸ್ಟ್ ಯಾವುದೂ ಬ್ಯಾಡ. ಗಾಯ ಆಗಿದ್ರ ಧನುರ್ವಾಯು ತಡಿಯೋ ಇಂಜೆಕ್ಷನ್ ಕೇಳ್ರಿ.

ಉಗುರಿನ ಕೆಳಗ ರಕ್ತ ನಿಂತು ನೋವು ತಡೀಲಾರದಂಗಾದ್ರ ಅದೇ ದಿನ ಡಾಕ್ಟರಿಗಿ ತೋರಸ್ರಿ. ಉಗುರಿಗಿ ಸಣ್ಣ ತೂತು ಮಾಡಿ ರಕ್ತ ಬಿಟ್ರ ಅಲ್ಲೇ ಹಗುರ ಅನಸ್ತದ. ಮನ್ಯಾಗ ನೀವೇ ಮಾಡ್ಲಿಕ್ಕಿ ಹೋಗಬ್ಯಾಡ್ರಿ. ಬೆರಳು ಮಡಚ್ಲಿಕ್ಕಿ ಬರಲಿಲ್ಲಂದ್ರ ಎಲುಬು ಮುರದಿರಬಹುದು. ಸಕ್ಕರಿ ಕಾಯಿಲೆ ಇದ್ದವರು ಸಣ್ಣ ಗುಳ್ಳಿನೂ ಹಗುರಾಗಿ ತಗೋಬಾರದು. ಪೆಟ್ಟೇ ಬೀಳದೆ ಮೈಮ್ಯಾಲ, ಬಾಯಾಗ ರಕ್ತದ ಗುಳ್ಳಿ ಎದ್ರ ತಡಾ ಮಾಡದೆ ದವಾಖಾನಿಗಿ ಹೋಗಿ ರಕ್ತ ಪರೀಕ್ಷೆ ಮಾಡಸ್ಬೇಕು.

ನಮ್ಮ ಕಲ್ಲು ಎಷ್ಟೋ ಊರಿನ ಮನಿಗೋಳಿಗಿ ನೆಲ ಆಗ್ಯಾದ. ಅದನ್ನ ಎತ್ತೋ ಕೈಗಿ ದಪ್ಪ ಗ್ಲೌಸ್ ಕೊಡೋದು ಮಾಲಕರಿಗಿ ಭಾರ ಅಲ್ಲ. ನೀವೊಬ್ಬರೇ ಹೋಗಿ ಕೇಳಬ್ಯಾಡ್ರಿ, ಗ್ಯಾಂಗಿನವರೆಲ್ಲ ಕೂಡಿ ಕೇಳ್ರಿ. ನಾನೂ ಬರ್ತೀನಿ.