ಕ್ಲೇಮ್ ರಾಯರು

ಕಾರು ಎಲ್ಲಾದರೂ ಗುದ್ದಿಕೊಂಡ ಹತ್ತು ನಿಮಿಷದೊಳಗೆ ಪೊಲೀಸರು ಬರದೇ ಇರಬಹುದು, ಎಳೆದೊಯ್ಯುವ ಗಾಡಿ ಬರದೇ ಇರಬಹುದು; ಕ್ಲೇಮ್ ರಾಯರ ಫೋನಂತೂ ಬಂದೇ ಬರುತ್ತದೆ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯದೇ ಇದೆ, ಬಡಾವಣೆಯಲ್ಲಿ ಅದನ್ನು ಬಳಸುವವನು ಕೊರಿಯರ್ ಹುಡುಗ ಒಬ್ಬನೇ. "ಗಾಡಿ ಅಲ್ಲಾಡಿಸಬೇಡಿ. ನಾಲ್ಕೂ ಕಡೆಯಿಂದ ಫೋಟೋ ತೆಗೀರಿ, ನಂಬರ್ ಪ್ಲೇಟ್ ಕಾಣ್ಬೇಕು. ಅಪ್ಪಿತಪ್ಪಿಯೂ ಸಾರಿ ಅನ್ಬೇಡಿ." ಪೆಟ್ಟಾಯಿತಾ ಅಂತ ಕೇಳುವುದು ಆಮೇಲೆ, ನೆನಪಾದರೆ.

ರಾಯರು ಬ್ಯಾಂಕಿನಿಂದ ನಿವೃತ್ತರು. ಇಬ್ಬರು ಮಕ್ಕಳನ್ನು ಓದಿಸಿ ದಡ ಸೇರಿಸಿದ್ದಾರೆ, ಬನಶಂಕರಿಯಲ್ಲಿ ಮನೆ ಕಟ್ಟಿದ್ದಾರೆ. ಆದರೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು ಕಾರಿನ ವಿಮೆಯ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇಕಡಾ 50ರ ನೋ ಕ್ಲೇಮ್ ಬೋನಸ್ಸನ್ನು ಮಾತ್ರ. ಮೊದಲ ವರ್ಷ 20, ಆಮೇಲೆ 25, 35, 45, ಕೊನೆಗೆ 50. ಒಂದೂ ಕ್ಲೇಮ್ ಮಾಡದೆ ಐದು ವರ್ಷ ಕಳೆದವರಿಗೇ ಈ ಪದವಿ. ಇದನ್ನು ಉಳಿಸಿಕೊಳ್ಳಲಿಕ್ಕೆಂದೇ ಅವರ ಬಿಳಿ ಕಾರು ಎಡಬಾಗಿಲಲ್ಲಿ ಒಂದು ತಗ್ಗು, ಹಿಂದಿನ ಬಂಪರಿನಲ್ಲಿ ಒಂದು ಸೀಳು, ಮಡ್‌ಗಾರ್ಡಿನ ಮೇಲೆ ಗೇಟಿನ ಕೊಂಡಿ ಎಳೆದ ಉದ್ದನೆಯ ಗೀರು ಹೊತ್ತುಕೊಂಡು ಓಡಾಡುತ್ತಿತ್ತು. "ರಿಪೇರಿ ಮಾಡಿಸೋದಿಲ್ವೇ?" ಎಂದವರನ್ನು ಕಟ್ಟೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.

"ಒಂದೇ ಒಂದು ಕ್ಲೇಮ್ ಮಾಡಿದ್ರೆ ಸೊನ್ನೆಗೆ ಬಂದು ಬೀಳ್ತೀರಿ. ಮೊದಲ ವರ್ಷ 50 ಹೋಯ್ತು. ಎರಡನೇ ವರ್ಷ 20 ಸಿಗುತ್ತೆ, ಆದ್ರೆ ಸಿಗಬೇಕಾಗಿದ್ದದ್ದು 50, ಅಲ್ಲಿ 30 ನಷ್ಟ. ಆಮೇಲೆ 25, 15, 5. ಕೂಡಿ ನೋಡಿ, 125! ಒಂದೂಕಾಲು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ ಕೈಯಾರೆ ಹೊಳೆಗೆ ಹಾಕಿದ ಹಾಗೆ!"

ಲೆಕ್ಕ ತಪ್ಪಲ್ಲ. ಸಣ್ಣಪುಟ್ಟ ಗೀರಿಗೆ ಕ್ಲೇಮ್ ಮಾಡುವವರು ಕೇಳಿಸಿಕೊಳ್ಳಬೇಕಾದದ್ದೇ. ಆದರೆ ಮುಂಭಾಗವೆಲ್ಲ ನುಜ್ಜುಗುಜ್ಜಾಗಿ ಲಕ್ಷದ ಎಸ್ಟಿಮೇಟ್ ಹಿಡಿದುಕೊಂಡು ಬಂದ ಎದುರುಮನೆ ಹುಡುಗನಿಗೂ ರಾಯರು ಇದನ್ನೇ ಒಪ್ಪಿಸಿದರು. ಅವನು 125ರವರೆಗೂ ಕೂತಿದ್ದದ್ದು ಅವನ ಸಜ್ಜನಿಕೆ.

ರಸ್ತೆಯಲ್ಲಿ ನಡೆಯುವ ಪಂಚಾಯಿತಿಯಲ್ಲೂ ಅವರು ನಿಸ್ಸೀಮರು. ಗುದ್ದಿದವನ ಥರ್ಡ್ ಪಾರ್ಟಿ ಪಾಲಿಸಿ ಎದುರಿನವರ ಆಸ್ತಿಗೆ ಏಳೂವರೆ ಲಕ್ಷದವರೆಗೆ ಹೊಣೆ ಹೊರುತ್ತದೆ, ನಿಜ. ಆದರೆ ಒಂದು ಟೇಲ್ ಲೈಟಿಗಾಗಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅಲೆಯುವವರು ಯಾರು? ಏಟು ತಿಂದವನೂ ತನ್ನ ಪಾಲಿಸಿಯಲ್ಲೇ ರಿಪೇರಿ ಮಾಡಿಸಿಕೊಂಡು, ತಪ್ಪಿಲ್ಲದೆಯೂ ಬೋನಸ್ ಕಳೆದುಕೊಳ್ಳಬೇಕು. ಅದಕ್ಕೇ ಅಲ್ಲಲ್ಲೇ ನೋಟು ಎಣಿಸಿ ಮುಗಿಸುವ ಪದ್ಧತಿ. ಐದು ಸಾವಿರದಿಂದ ಶುರುವಾದದ್ದನ್ನು ರಾಯರು ಹದಿನೆಂಟುನೂರಕ್ಕೆ ಇಳಿಸಿ ಕೈ ಕುಲುಕಿಸುತ್ತಾರೆ.

ಆದರೆ ಅವರ ನಿಜವಾದ ಪ್ರತಿಭೆ ಹೊರಬೀಳುವುದು ಕ್ಲೇಮ್ ಫಾರ್ಮಿನಲ್ಲಿ 'ಅಪಘಾತ ಹೇಗಾಯಿತು' ಎಂಬ ಕಾಲಮ್ಮಿನಲ್ಲಿ. ಬಡಾವಣೆಯವರ ಫಾರ್ಮುಗಳನ್ನೆಲ್ಲ ಅವರೇ ತುಂಬಿಸುವುದು. ಎಲ್ಲದರಲ್ಲೂ ಒಂದು ನಾಯಿ ಅಡ್ಡ ಬರುತ್ತದೆ. ಕಂಬಕ್ಕೆ ಗುದ್ದಿದ್ದರೂ ನಾಯಿ, ಕಾಂಪೌಂಡಿಗೆ ಗುದ್ದಿದ್ದರೂ ನಾಯಿ. ಸೋಜಿಗವೆಂದರೆ ಈ ನಾಯಿಯ ಅಗತ್ಯವೇ ಇಲ್ಲ. ಕುಡಿದಿರಬಾರದು, ಲೈಸೆನ್ಸ್ ಇರಬೇಕು, ಅಷ್ಟೇ. ನಮ್ಮದೇ ತಪ್ಪಿನಿಂದ ನಮ್ಮ ಕಾರು ಜಖಂ ಆದರೂ ಕಾಂಪ್ರೆಹೆನ್ಸಿವ್ ಪಾಲಿಸಿಯಲ್ಲಿ ದುಡ್ಡು ಬರುತ್ತದೆ. ಸುಳ್ಳು ಬರೆದು ಸಿಕ್ಕಿಬಿದ್ದರೇ ತಿರಸ್ಕಾರವಾಗುವ ಭಯ. ಇದು ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಅವರು ನಾಯಿ ಸಾಕಿರುವುದು ದುಡ್ಡಿಗಲ್ಲ, ಮರ್ಯಾದೆಗೆ.

ಹೋದ ವರ್ಷ ಅವರ ಸರದಿಯೇ ಬಂತು. ಸಿಗ್ನಲ್ಲಿನಲ್ಲಿ ನಿಂತಿದ್ದ ಆಟೋಗೆ ಹಿಂದಿನಿಂದ ಗುದ್ದಿದರು. ಆಟೋದವನು ಎರಡು ಸಾವಿರ ತೆಗೆದುಕೊಂಡು ಹೋದ. ರಾಯರ ಕಾರಿನ ಬಂಪರ್, ಬಾನೆಟ್, ಒಂದು ಹೆಡ್‌ಲೈಟ್, ಒಳಗಿನ ರೇಡಿಯೇಟರ್, ಎಸಿ ಕಂಡೆನ್ಸರ್ ಸೇರಿ ಎಸ್ಟಿಮೇಟ್ 62 ಸಾವಿರ. 125ರ ಸೂತ್ರ ಕೈಕೊಟ್ಟಿತು, ಕ್ಲೇಮ್ ಮಾಡಲೇಬೇಕಾಯಿತು. ಮೊತ್ತ 50 ಸಾವಿರ ದಾಟಿದ್ದರಿಂದ ಲೈಸೆನ್ಸ್ ಇರುವ ಸರ್ವೇಯರೇ ಗ್ಯಾರೇಜಿಗೆ ಬಂದ. ಮೂವತ್ತರ ಆಸುಪಾಸಿನ ಮಿತಭಾಷಿ. ಜೊತೆಗಿರಲೆಂದು ರಾಯರು ನನ್ನನ್ನೂ ಕರೆದೊಯ್ದಿದ್ದರು. ಅವರ ಶ್ರೀಮತಿ ತಾವಾಗಿಯೇ ಬಂದಿದ್ದರು.

ಸರ್ವೇಯರ್ ಮೊದಲು ಎಸ್ಟಿಮೇಟಿಗೆ ಕತ್ತರಿ ಹಾಕಿದ. ಕಾರಿಗೆ ಆರು ವರ್ಷ, ಕಬ್ಬಿಣದ ಭಾಗಕ್ಕೆ ಶೇಕಡಾ 40 ಸವಕಳಿ. ಪ್ಲಾಸ್ಟಿಕ್ಕಿಗೆ ಅರ್ಧಕ್ಕರ್ಧ. ಮೇಲೆ ಕಡ್ಡಾಯವಾಗಿ ನಾವೇ ಭರಿಸಬೇಕಾದ ಒಂದು ಸಾವಿರ. ರಾಯರು ಇದನ್ನೆಲ್ಲ ಅವನಿಗಿಂತ ಅರ್ಧ ಕ್ಷಣ ಮೊದಲೇ ಹೇಳುತ್ತಾ ಹೋದರು. ಸವಕಳಿ ಕಳೆಯದ ಝೀರೋ ಡೆಪ್ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಅವನು ಕೇಳಿದಾಗ ಮಾತ್ರ ಗ್ಯಾರೇಜಿನ ಸೂರು ನೋಡಿದರು.

ಆಮೇಲೆ ಅವನು ಫಾರ್ಮ್ ಓದಿದ. ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಅಂಗೈಯಗಲ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದ.

"ಸಾರ್, ನಾಯಿ ಅಂತ ಬರ್ದಿದ್ದೀರಾ."

"ಹೌದು. ದಿಢೀರಂತ ಅಡ್ಡ ಬಂತು."

"ಹಸಿರು ನಾಯಿನಾ ಸಾರ್?"

ಪಕ್ಕದ ಕಾರಿಗೆ ಪುಟ್ಟಿ ಮೆತ್ತುತ್ತಿದ್ದ ಹುಡುಗ ಕೈ ನಿಲ್ಲಿಸಿದ. ರಾಯರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶ್ರೀಮತಿ ಮುಂದೆ ಬಂದರು. "ನಾಯಿನೂ ಇಲ್ಲ ನರಿನೂ ಇಲ್ಲಪ್ಪ. ಆಟೋ ಹಿಂದೆ ಏನೋ ಬರ್ದಿದ್ರು, ಓದ್ಕೊಂಡು ಹೋಗ್ತಿದ್ರು. ಎರಡನೇ ಸಾಲು ಸಣ್ಣ ಅಕ್ಷರದಲ್ಲಿತ್ತು."

ಸರ್ವೇಯರ್ ನಗಲಿಲ್ಲ, ಒಳ್ಳೆಯ ಮನೆತನದವನು. ಹೊಸ ಫಾರ್ಮ್ ಒಂದನ್ನು ತೆಗೆದು, "ಆಟೋ ಅಂತಾನೇ ಬರೀರಿ ಸಾರ್, ಏನೂ ತೊಂದರೆ ಇಲ್ಲ, ಪಾಸಾಗುತ್ತೆ" ಎಂದ. ರಾಯರು ಪೆನ್ನಿನ ಮುಚ್ಚಳ ತೆಗೆದು, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು, ಬಲು ಹೊತ್ತು ಯೋಚಿಸಿ ಬರೆದರು. ಮುಂದೆ ಹೋಗುತ್ತಿದ್ದ ಆಟೋ ಮುನ್ಸೂಚನೆ ಇಲ್ಲದೆ ನಿಂತದ್ದರಿಂದ ತಾಗಿತು. ಕಾಲಮ್ಮಿನಲ್ಲಿ ಇನ್ನೂ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಹೆಂಡತಿ ಆಚೆ ತಿರುಗಿದ್ದನ್ನು ನೋಡಿ ಸೇರಿಸಿದರು: ಆಟೋಗೆ ನಾಯಿ ಅಡ್ಡ ಬಂದಿತ್ತು.