ಘಾಟಿ ಜಾತ್ರೆಯ ಬಿಡಾರ

ಅಮೆರಿಕದಲ್ಲಿ ಊರಾಚೆಯ ಜಾತ್ರೆ ಮೈದಾನದಲ್ಲಿ ಮನೆಯಂಥ ಗಾಡಿ ನಿಲ್ಲಿಸಿ, ಕರೆಂಟು, ನೀರಿಗೆ ಬಾಡಿಗೆ ಕಟ್ಟಿ ಮಲಗುತ್ತಾರಂತೆ. ನಮ್ಮ ರೈತರಿಗೆ ಇದೇನು ಹೊಸದೇ? ಪುಷ್ಯ ಷಷ್ಠಿಯ ಆಸುಪಾಸಿನಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬನ್ನಿ. ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್ ದೂರ. ಸೌಕರ್ಯಕ್ಕೆ ಇನ್ನೂ ದೂರ.

ಇಲ್ಲಿ ಬಿಡಾರದ ದರ್ಜೆ ನಿರ್ಧಾರವಾಗುವುದು ಎತ್ತಿನ ಮೇಲೆ. ಲಕ್ಷಗಟ್ಟಲೆ ಬೆಲೆಯ ಹಳ್ಳಿಕಾರ್ ಜೋಡಿಗೆ ಶಾಮಿಯಾನ, ಸೀರಿಯಲ್ ಸೆಟ್ಟು, ಹೊತ್ತುಹೊತ್ತಿಗೆ ಹಿಂಡಿ, ಬೂಸ. ಯಜಮಾನನಿಗೆ? ಗಾಡಿಯ ಕೆಳಗಿನ ಹುಲ್ಲು, ಮೂರು ಕಲ್ಲಿನ ಒಲೆ, ಮುದ್ದೆ. ಎತ್ತಿಗೆ ಕಂಬಳಿ ಹೊದಿಸಿ ತಾನು ಟವೆಲ್ ಸುತ್ತಿಕೊಂಡು ಗಡಗಡ ನಡುಗುತ್ತಾನೆ. ಆ ಟವೆಲ್ಲೂ ಬೆಳಗ್ಗೆ ಅವನದಲ್ಲ: ದಲ್ಲಾಳಿ ಅದರಡಿ ಕೈ ತೂರಿಸಿ ಬೆರಳಲ್ಲೇ ಬೆಲೆ ಮಾತಾಡಬೇಕು.

ಇಂಥ ಒಬ್ಬ ಯಜಮಾನನ ಜೊತೆ ಪ್ಯಾಂಟು ತೊಟ್ಟು ಬಂದ ಅಳಿಯ ಮೆಲ್ಲಗೆ ಕೇಳಿದ: “ಮಾವ, ಬಾತ್‌ರೂಮು ಎಲ್ಲೈತೆ?”

“ಆಚೆ ಬೆಟ್ಟ ಕಾಣ್ತೈತಲ್ಲಪ್ಪ, ಅಲ್ಲಿಗಂಟ ಎಲ್ಲಾ ಅದೇ!”

ಅಳಿಯ ಮೊದಲ ಬಸ್ಸಿಗೇ ಹೊರಟ. ಮಾವನಿಗೆ ಬೇಸರವೇನೂ ಆಗಲಿಲ್ಲ. ಗಾಡಿಯ ಕೆಳಗೆ ಕಾಲು ಚಾಚಲು ಜಾಗವಾಯಿತಲ್ಲ!