ವಿಸ್ತರಣಾ ಮೀಮಾಂಸೆ ಅಥವಾ ಎರಡನೆಯ ಶೆಡ್ಡಿನ ಪ್ರಮಾಣ ವಿಚಾರ

ಕಾರ್ಖಾನೆ ವಿಸ್ತರಣೆಯೆಂಬ ಗಹನ ವಿಷಯದ ಮೇಲೆ ಬಂದಿರುವ ಪಠ್ಯಪುಸ್ತಕಗಳೆಲ್ಲ ಒಂದೇ ಭ್ರಮೆಗೆ ಒಳಗಾಗಿವೆ. ಮೊದಲು ಯೋಜನೆ, ಆಮೇಲೆ ಮೌಲ್ಯಮಾಪನ, ಕೊನೆಗೆ ನಿರ್ಧಾರ ಎಂದು ಅವು ಸಾರುತ್ತವೆ. ಪೀಣ್ಯ ಸಂಪ್ರದಾಯ ಇದನ್ನು ಒಪ್ಪುವುದಿಲ್ಲ. ಆದ್ದರಿಂದ ಪ್ರಥಮ ಸೂತ್ರ:

ಮೊದಲು ನಿರ್ಧಾರ, ಅನಂತರ ಅದಕ್ಕೆ ಆಧಾರ.

ಭಾಷ್ಯ: ನಿರ್ಧಾರ ಹುಟ್ಟುವುದು ಯಾವಾಗ? ಪಕ್ಕದ ಪ್ಲಾಟಿಗೆ ಜೆಸಿಬಿ ಬಂದ ದಿನ ಎಂದು ಕೆಲವರು. ಮಾಲೀಕರ ಮಗ ಎಂಬಿಎ ಮುಗಿಸಿ ಬಂದ ದಿನ ಎಂದು ಇನ್ನು ಕೆಲವರು. ಎರಡು ಮತಗಳೂ ಗ್ರಾಹ್ಯ. ಎರಡೂ ಒಂದೇ ವಾರ ಒದಗಿದರೆ ಶೆಡ್ಡಿನ ಉದ್ದ ಹೆಚ್ಚುತ್ತದೆ.

ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರು ಆರು ಪ್ರಮಾಣಗಳನ್ನು, ಅಂದರೆ ಅರಿವಿನ ಸಾಧನಗಳನ್ನು, ಒಪ್ಪಿದ್ದಾರೆ. ಸಾಲಕ್ಕೆಂದು ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿಗೂ ಆರೇ. ಬಳಸುವ ಕ್ರಮ ಮಾತ್ರ ಬೇರೆ.

ಶಬ್ದ: ಆಪ್ತರ ಮಾತೇ ಶಬ್ದಪ್ರಮಾಣ. ಇಲ್ಲಿ ಆಪ್ತನೆಂದರೆ ದೊಡ್ಡ ಗಿರಾಕಿಯ ಪರ್ಚೇಸ್ ಮ್ಯಾನೇಜರು. "ನೀವು ಕೆಪಾಸಿಟಿ ಹಾಕಿ ಸಾರ್, ಆರ್ಡರ್ ನಾವು ನೋಡ್ಕೋತೀವಿ" ಎಂಬುದು ಅಪೌರುಷೇಯ ವಾಕ್ಯ. ಮುಂದೆ ಯಾವ ಪುರುಷನೂ ಅದನ್ನು ತಾನು ಆಡಿದ್ದೆಂದು ಒಪ್ಪುವುದಿಲ್ಲ. ಲಿಖಿತ ಒಪ್ಪಂದವೇ ಇದ್ದರೋ ಎಂದು ಪೂರ್ವಪಕ್ಷಿ ಕೇಳಬಹುದು. ಉತ್ತರ, ಕುದುರೆಮುಖ. ಇರಾನಿಗೆ ಅದಿರು ಒದಗಿಸಲೆಂದು, ಇರಾನಿನದೇ ಸಾಲ ನೆಚ್ಚಿಕೊಂಡು, 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. ವರ್ಷಕ್ಕೆ 75 ಲಕ್ಷ ಟನ್ ಸಾಮರ್ಥ್ಯದ ಘಟಕ ಏಳತೊಡಗಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು. 1980ರಲ್ಲಿ ಇಲ್ಲಿ ಘಟಕ ಸಿದ್ಧವಾಯಿತು. ದೊರೆಯೇ ದೇಶ ಬಿಟ್ಟ ಮೇಲೆ ಪರ್ಚೇಸ್ ಆರ್ಡರು ಯಾರನ್ನು ಕೇಳುವುದು? ಕಂಪನಿ ಬೇರೆ ಗಿರಾಕಿಗಳನ್ನು ಹುಡುಕಿ, 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಘಟಕ ನಡೆಸಿ ಉಸಿರು ಹಿಡಿಯಿತು. ಸರ್ಕಾರಕ್ಕೆ ಆ ದಮ್ಮಿತ್ತು. ತಿಂಗಳ ಕಂತು ಕಟ್ಟುವವನಿಗೆ ಅಷ್ಟು ಉಸಿರನ್ನು ಯಾವ ಬ್ಯಾಂಕೂ ಸಾಲ ಕೊಡದು.

ಉಪಮಾನ: ಪಕ್ಕದವರು ನಾಲ್ಕು ಯಂತ್ರ ಹಾಕಿದರು, ಆದ್ದರಿಂದ ನಮಗೆ ಆರು.

ಅನುಮಾನ: ಇದು ರಿಪೋರ್ಟಿನ ಹೃದಯ. ಸಾಮರ್ಥ್ಯದ ಬಳಕೆ ಮೊದಲ ವರ್ಷ ಶೇ. 60, ಎರಡನೆಯ ವರ್ಷ 70, ಮೂರನೆಯ ವರ್ಷ 80. ಬಿಸ್ಕತ್ತು ಮಾಡಲಿ, ಬೇರಿಂಗ್ ಮಾಡಲಿ, ಇವೇ ಅಂಕಿಗಳು. ಸಾಲ ತೀರಿಸುವ ಶಕ್ತಿಯ ಅನುಪಾತ, ಅಂದರೆ ಡಿಎಸ್‌ಸಿಆರ್, ಸುಮಾರು 1.5 ಇದ್ದರೆ ಬ್ಯಾಂಕಿಗೆ ಸಮಾಧಾನವೆಂದು ಆಡಿಟರು ಬಲ್ಲರು. ಆದಕಾರಣ ಎಕ್ಸೆಲ್ಲಿನ ಕೊನೆಯ ಮನೆಯಲ್ಲಿ 1.52 ಬರೆದುಕೊಂಡು ಅಲ್ಲಿಂದ ಮೇಲಕ್ಕೆ ಹತ್ತುತ್ತಾರೆ. ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಅನುಮಾನ; ಬೆಂಕಿ ತೋರಿಸಬೇಕೆಂದು ಹೊಗೆ ಹಾಕುವುದು ಆಡಿಟರ ಅನುಮಾನ. ಮಾರಾಟ ಶೇ. 5ರಷ್ಟು ಕುಸಿದರೆ ಏನಾಗುವುದೆಂದೂ ಪರೀಕ್ಷಿಸುತ್ತಾರೆ. ಶೇ. 10 ಏಕಲ್ಲ? ಅಷ್ಟು ಕುಸಿದರೆ ಅನುಪಾತ 1ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಆ ಪರೀಕ್ಷೆ ನಿಷಿದ್ಧ.

ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ವರ್ಕಿಂಗ್ ಕ್ಯಾಪಿಟಲ್ಲಿನ ಸಾಲು ರಿಪೋರ್ಟಿನಲ್ಲಿ ಎಷ್ಟು ಹುಡುಕಿದರೂ ಕಾಣದು. ಆದ್ದರಿಂದ ಅದು ಬೇಕಿಲ್ಲವೆಂದು ಸಿದ್ಧ. ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ವಿಧಿಸಿದೆ. ಆ ವಿಧಿವಾಕ್ಯವನ್ನು ಗಿರಾಕಿಗೆ ಓದಿ ಹೇಳಿದವರಿಗೆ ಮುಂದಿನ ಆರ್ಡರಿನ ಅನುಪಲಬ್ಧಿ ಪ್ರಾಪ್ತವಾಗುತ್ತದೆ. ಹೊಸ ಟ್ರಾನ್ಸ್‌ಫಾರ್ಮರಿನ ಖರ್ಚು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಗೆ ಹಿಡಿಯುವ ಕಾಲ, ಯಂತ್ರ ನಡೆಸಬಲ್ಲ ಆಪರೇಟರುಗಳು ಇವೂ ಇದೇ ವರ್ಗಕ್ಕೆ ಸೇರಿದವು.

ಅರ್ಥಾಪತ್ತಿ: ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಶಾಸ್ತ್ರದ ಉದಾಹರಣೆ. ನಮ್ಮದು ಹೀಗೆ: ಇರುವ ಯಂತ್ರಗಳು ಹಗಲೂ ಪೂರ್ತಿ ಓಡುತ್ತಿಲ್ಲ, ಮಾಲು ಮಾತ್ರ ಯಾವಾಗಲೂ ಲೇಟು, ಹಾಗಾದರೆ ಯಂತ್ರಗಳು ಸಾಲದಿರಬೇಕು.

ಪ್ರತ್ಯಕ್ಷ: ಚಾರ್ವಾಕರೂ ಒಪ್ಪುವ ಪ್ರಮಾಣವಿದು, ಆದ್ದರಿಂದಲೇ ಮರ್ಯಾದಸ್ಥರ ರಿಪೋರ್ಟಿನಲ್ಲಿ ಇದಕ್ಕೆ ಪ್ರವೇಶವಿಲ್ಲ. ಶೆಡ್ಡಿಗೆ ಇಳಿದು ನಿಂತರೆ ಕಾಣುವುದಿಷ್ಟು: ಒಂದು ಜಾಬ್ ಮುಗಿದು ಇನ್ನೊಂದರ ಸೆಟ್ಟಿಂಗ್ ಆಗುವವರೆಗೆ ಯಂತ್ರ ಸುಮ್ಮನಿದೆ, ಫಿಕ್ಸ್ಚರು ಎಲ್ಲಿದೆಯೆಂದು ಇಬ್ಬರು ಹುಡುಕುತ್ತಿದ್ದಾರೆ. ಮುಗಿದ ಮಾಲೆಲ್ಲ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕ್ರೇಟುಗಳಲ್ಲಿ ಪೇರಿದೆ. ಟೇಬಲ್ಲಿಗೆ ಒಬ್ಬನೇ ಹುಡುಗ, ಅವನಿಗೆ ಒಂದೇ ಹೈಟ್ ಗೇಜು. ಇನ್ನೂ ಆರು ಯಂತ್ರ ಬಂದರೆ ಹೆಚ್ಚುವುದು ಅವನ ಮುಂದಿನ ರಾಶಿ, ಗೇಟು ದಾಟುವ ಮಾಲಲ್ಲ. ಫೋರ್‌ಮನ್ನರು ಇದನ್ನು ಬಹುಕಾಲದಿಂದ ಹೇಳುತ್ತಲೇ ಇದ್ದಾರೆ. ಆದರೆ ಆಪ್ತರ ಪಟ್ಟಿಯಲ್ಲಿ ಅವರಿಲ್ಲದ್ದರಿಂದ ಅವರ ಮಾತು ಶಬ್ದವಲ್ಲ, ಬರೀ ಸದ್ದು.

ಫಲಶ್ರುತಿ: ಈ ಮೀಮಾಂಸೆಯನ್ನು ಸಾಲ ಮಂಜೂರಾಗುವ ಮುನ್ನ ಓದಿದವರಿಗೆ ಇನ್ನೊಂದು ಹೈಟ್ ಗೇಜಿನಲ್ಲೇ ತೃಪ್ತಿ ದೊರೆಯುತ್ತದೆ. ಮಂಜೂರಾದ ಮೇಲೆ ಓದಿದವರಿಗೆ ವೈರಾಗ್ಯ ದೊರೆಯುತ್ತದೆ. ಓದದೆಯೇ ಭೂಮಿಪೂಜೆ ಮಾಡಿದವರ ಎರಡನೆಯ ಶೆಡ್ಡು ಯಥಾಕಾಲದಲ್ಲಿ ಗೋಡೌನಾಗಿ ಬಾಡಿಗೆಗೆ ಹೋಗುತ್ತದೆ. ಆ ಬಾಡಿಗೆಯನ್ನೇ ಆದಾಯದಲ್ಲಿ ತೋರಿಸಿ ಮೂರನೆಯ ಶೆಡ್ಡಿಗೆ ರಿಪೋರ್ಟು ಬರೆದುಕೊಡಲು ಆಡಿಟರು ಸಿದ್ಧರಿದ್ದಾರೆ.